ಜೋಡಿ ತಪ್ಪು

ನೀಲಾಂಬಿಕಾ ಹೂಗಾರ ಇಪ್ಪತ್ತೆರಡು ವರ್ಷ ಸರಕಾರಿ ಚಾಕರಿ ಮಾಡಿ ನೋಡಿದ್ದು ಸೊನ್ನೆಯನ್ನು. ಗದಗಿನ ನಿಯಂತ್ರಣ ಕೋಣೆಯಲ್ಲಿ ಹದಿನಾರು ಪರದೆಗಳಿದ್ದವು. ಪ್ರತಿಯೊಂದರ ಬಲ ಮೂಲೆಯಲ್ಲಿ ಹಸಿರು ಬಣ್ಣದ ಒಂದು ಸೊನ್ನೆ. ಅದು ಒಂದಾದರೆ ಹಳದಿ, ಹತ್ತಾದರೆ ಕೆಂಪು. ಕೆಂಪಾದರೆ ಎದ್ದು ಓಡಾಡಬೇಕು, ಫೋನು ಮಾಡಬೇಕು, ಮೇಲಿನವರಿಂದ ಬೈಸಿಕೊಳ್ಳಬೇಕು. ಸೊನ್ನೆಯಿದ್ದರೆ ಸುಮ್ಮನೆ ಕೂರಬೇಕು. ಸುಮ್ಮನೆ ಕೂರುವುದರಲ್ಲಿ ಏನು ಕಷ್ಟ ಅನ್ನುವವರು ಒಂದು ಪಾಳಿ ಬಂದು ಕೂತು ನೋಡಲಿ. ನಲವತ್ತೆಂಟಕ್ಕೇ ಅವಳ ಬೆನ್ನು ಕುರ್ಚಿಯ ಹದಕ್ಕೆ ಬಗ್ಗಿತ್ತು, ಕಣ್ಣು ಮುಚ್ಚಿದರೂ ಹಸಿರು ಕಾಣುತ್ತಿತ್ತು.

ಆ ಪರದೆಗಳ ಆಚೆ ಜನ ನಡೆಯುತ್ತಿದ್ದರು. ಅವರನ್ನು ನಡೆಸುತ್ತಿದ್ದದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರಿಗೆಂದು ಸರಕಾರ ಕೊಡುತ್ತಿದ್ದ ನಡೆಗಾಲು, ಧೋತರದ ಒಳಗೋ ಸೀರೆಯ ಒಳಗೋ ತೊಟ್ಟುಕೊಳ್ಳುವ ಹಗುರ ಚೌಕಟ್ಟು. ಮೊದಮೊದಲು ಬಂದವುಗಳ ಬೆನ್ನಿಗೇ ಲೆಕ್ಕ ಹಾಕುವ ಯಂತ್ರ, ಅದರ ಬ್ಯಾಟರಿ ಎಲ್ಲ ಇರುತ್ತಿತ್ತು. ಹೊತ್ತರೆ ಅರ್ಧ ಚೀಲ ಜೋಳದ ಭಾರ. ವಯಸ್ಸಾದವರು ಅದನ್ನು ತೊಟ್ಟು ನಡೆಯುವುದಿರಲಿ, ಏಳುವುದೇ ಆಗುತ್ತಿರಲಿಲ್ಲ. ಆಗ ನಡೆಗಾಲು ಮಂಡಳಿಯವರು ಒಂದು ಉಪಾಯ ಮಾಡಿದರು: ಕಾಲನ್ನು ಮನುಷ್ಯನ ಹತ್ತಿರ ಬಿಟ್ಟು ಅದರ ಮಿದುಳನ್ನು ಧಾರವಾಡದಲ್ಲಿಟ್ಟರು. ನಡುವೆ ನೆಲದಡಿ ಗಾಜಿನ ಎಳೆ, ಅದರೊಳಗೆ ಬೆಳಕು. ಸೆಕೆಂಡಿಗೆ ನಾನೂರು ಸಲ ಕಾಲು 'ನಾನು ಹೀಗಿದ್ದೇನೆ' ಅನ್ನುತ್ತದೆ. ಧಾರವಾಡ ನಾನೂರು ಸಲ 'ಹಾಗಾದರೆ ಹೀಗೆ ಇಡು' ಅನ್ನುತ್ತದೆ.

ಹೋಗುವ ದಾರಿಯಲ್ಲಿ ಮಾತು ಕೆಟ್ಟರೆ? ಅದಕ್ಕೆ ಒಂದು ಹಳೆಯ ಕಾವಲಿತ್ತು. ಬೆಳಕು ಮಿಡಿದರೆ ಒಂದು, ಮಿಡಿಯದಿದ್ದರೆ ಸೊನ್ನೆ. ಹೇಳುವುದೆಲ್ಲವನ್ನೂ ಈ ಎರಡರಲ್ಲೇ ಹೇಳಬೇಕು. ಕಳಿಸುವ ತುದಿ ಅವುಗಳನ್ನು ಎಂಟು ಸಾಲಾಗಿ ಹಂಚುತ್ತದೆ. ಪ್ರತಿ ಸಾಲಿನಲ್ಲೂ ಇರುವ ಒಂದುಗಳು ಜೋಡಿಜೋಡಿಯಾಗಿ ಮುಗಿಯುತ್ತವೆಯೋ, ಕೊನೆಗೊಂದು ಒಂಟಿ ಉಳಿಯುತ್ತದೆಯೋ ಅಂತ ನೋಡಿ, ಆ ಸುದ್ದಿಯನ್ನೂ ಜೊತೆಗೆ ಕಳಿಸುತ್ತದೆ. ಈ ತುದಿಯೂ ಎಣಿಸುತ್ತದೆ. ತಾಳೆಯಾಗದಿದ್ದರೆ ಆ ಮಾತನ್ನು ಎಸೆದು, ಪರದೆಯ ಸೊನ್ನೆಯನ್ನು ಒಂದು ಮಾಡುತ್ತದೆ. ಕಾಲು ಮುಂದಿನ ಮಾತಿಗಾಗಿ ಒಂದು ಕ್ಷಣ ಗಟ್ಟಿ ನಿಲ್ಲುತ್ತದೆ. ತಪ್ಪನ್ನು ತಿದ್ದಿಕೊಳ್ಳುವ ವಿದ್ಯೆ ಇಲ್ಲವೆಂದಲ್ಲ. ತಿದ್ದುವಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ, ಅಷ್ಟೇ.

ಮಂಡಳಿಗೆ ಒಂದು ನಿಯಮವಿತ್ತು. ಬಿದ್ದರೆ ನಡೆಗಾಲು ಬಿಗಿದುಕೊಂಡುಬಿಡುತ್ತದೆ. ಯಾರಾದರೂ ಫೋನು ಮಾಡಿ ಮಂಡಳಿಯವರನ್ನು ಕರೆಸಿ ಬಿಡಿಸಬೇಕು. ಹಾಗೆ ಬಂದಾಗಲೆಲ್ಲ ಅವರು ಒಂದು ಬೀಳು ಅಂತ ಬರೆದುಕೊಳ್ಳುತ್ತಾರೆ. ಲೈನು ಶುದ್ಧವಿದ್ದೂ, ಅಂದರೆ ಪರದೆಯಲ್ಲಿ ಸೊನ್ನೆಯಿದ್ದೂ, ಮೂರು ಸಲ ಬಿದ್ದವರು ನಡೆಗಾಲಿಗೆ ಯೋಗ್ಯರಲ್ಲ, ಕಾಲು ವಾಪಸು, ಸರದಿಯಲ್ಲಿ ಕಾಯುತ್ತಿರುವ ಮುಂದಿನವರಿಗೆ. ಲೈನು ಶುದ್ಧ ಅಂತ ತಿಂಗಳು ತಿಂಗಳು ಸಹಿ ಹಾಕುವವಳು ನೀಲಾಂಬಿಕಾ. ಅವಳ ಅಕ್ಕ ಕಾಶವ್ವ ಆಗಲೇ ಎರಡು ಸಲ ಬಿದ್ದಿದ್ದಳು.

ಅಂದು ಮಧ್ಯಾಹ್ನ ಎರಡಕ್ಕೆ ಪಾಳಿ ವಹಿಸಿಕೊಳ್ಳಲು ಖಾಜೇಸಾಬ ಬಂದ. ಹದಿನಾರೂ ಪರದೆ ನೋಡಿ, "ಎಲ್ಲಾ ಸೊನ್ನಿ. ದೇವರು ದೊಡ್ಡಾವ," ಅಂದ. ದಿನವೂ ಅದನ್ನೇ ಅನ್ನುತ್ತಿದ್ದ. ನೀಲಾಂಬಿಕಾ ಚೀಲ ಹೆಗಲಿಗೇರಿಸಿ ಹೊರಟಳು.

ಮನೆಯಲ್ಲಿ ಕಾಶವ್ವ ಒಲೆಯ ಮುಂದೆ ನಿಂತಿದ್ದಳು. ಹನ್ನೆರಡು ವರ್ಷದ ಹಿಂದೆ ಮಣ್ಣಿನ ಗೋಡೆ ಬೆನ್ನ ಮೇಲೆ ಕುಸಿದು ಕಾಲು ಹೋದಾಗ, ಇನ್ನು ರೊಟ್ಟಿ ಬಡಿಯುವುದು ಮುಗಿಯಿತು ಅಂತ ಊರೆಲ್ಲ ಅಂದುಕೊಂಡಿತ್ತು. ನಡೆಗಾಲು ಬಂದ ಮೇಲೆ ಅವಳು ಎತ್ತರದ ಒಲೆ ಕಟ್ಟಿಸಿಕೊಂಡು ಮತ್ತೆ ಖಡಕ್ ರೊಟ್ಟಿ ಶುರು ಮಾಡಿದಳು. ಕೂತು ಮಾಡಬಹುದಲ್ಲ ಅಂದರೆ, "ಕೂತು ಸಾಕಾಗೈತಿ," ಅನ್ನುತ್ತಿದ್ದಳು. ಅರವತ್ತೊಂದು ವಯಸ್ಸು, ದಿನಕ್ಕೆ ಇನ್ನೂರು ರೊಟ್ಟಿ.

"ನೀಲಾ, ಬಲಗಾಲ ಯಾಕೋ ಹೇಳಿದ್ದ ಕೇಳವಲ್ದು," ಅಂದಳು ಕಾಶವ್ವ, ಹಂಚಿನ ಮೇಲಿನ ರೊಟ್ಟಿ ತಿರುವುತ್ತ. "ಮುಂದ ಇಡಬೇಕಂದ್ರ ಹಿಂದ ಇಡತೈತಿ. ನಿಮ್ಮ ಲೈನ್ ಏನರ ಕೆಟ್ಟೈತೇನ ನೋಡ."

ಇದು ನಾಲ್ಕನೆಯ ಸಲವೋ ಐದನೆಯ ಸಲವೋ. ನೀಲಾಂಬಿಕಾಳ ತಲೆ ಸಿಡಿಯುತ್ತಿತ್ತು. "ಲೈನ್ ಕೆಟ್ರ ಕಾಲ ನಿಲ್ತೈತಿ ಅಕ್ಕ, ಹಿಂದ ಹೋಗಂಗಿಲ್ಲ. ಇವತ್ತ ದಿನಾ ಪೂರ್ತಿ ಸೊನ್ನಿ ಐತಿ. ಕುಣಿಲಾರದಾಕಿ ನೆಲ ಡೊಂಕು ಅಂದಿದ್ಳಂತ."

ಅಂದ ಮೇಲೆ ಅವಳಿಗೇ ನಾಚಿಕೆಯಾಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವುದು ಇಂಥವರನ್ನೇ. ಸಮಾಧಾನ ಮಾಡಲೆಂದು ಪಕ್ಕದಲ್ಲಿ ಕೂತು, ಆರಿದ ರೊಟ್ಟಿ ಎಣಿಸಲು ಕೈಹಾಕಿದಳು. ಕಾಶವ್ವ ರೊಟ್ಟಿಯನ್ನು ಯಾವಾಗಲೂ ಜೋಡಿಯಾಗಿಯೇ ಎಣಿಸುತ್ತಿದ್ದಳು. ಅದನ್ನೇ ಹಿಡಿದು ನೀಲಾಂಬಿಕಾ ತಿಳಿಸಿ ಹೇಳಿದಳು: "ನೀ ಜೋಡಿ ಜೋಡಿ ಇಟ್ಟು ಕಳಸ್ತಿ. ಕೊನಿಗೆ ಒಂಟಿ ಉಳದ್ರ ಅಂಗಡಿಯವಗ ಗೊತ್ತಾಗತೈತಿ, ದಾರ್ಯಾಗ ಯಾರೋ ಒಂದ ತಗದಾರ ಅಂತ. ನಮ್ಮ ಯಂತ್ರಾನೂ ಹಂಗ. ಒಂದ ಹೆಚ್ಚು ಕಮ್ಮಿ ಆದ್ರ ಹಿಡೀತೈತಿ."

ಕಾಶವ್ವ ಸ್ವಲ್ಪ ಹೊತ್ತು ರೊಟ್ಟಿ ಬಡಿದಳು. "ಎರಡ ತಗದ್ರ?"

"ಎರಡ ತಗದ್ರ ಗೊತ್ತಾಗಂಗಿಲ್ಲ. ಖರೇ. ಆದ್ರ ಅದ ಸಾಲಿನ್ಯಾಗ, ಅದ ಹೊತ್ತಿನ್ಯಾಗ ಎರಡ ತಪ್ಪು ಬೀಳೂದು ಎಲ್ಲೋ ಕೋಟಿಗೊಮ್ಮೆ."

"ಕಳ್ಳರು ಜೋಡೀಲೆ ಅಡ್ಡಾಡೂ ಮಂದಿ ಇದ್ರ?"

ನೀಲಾಂಬಿಕಾ ನಕ್ಕು ಎದ್ದಳು, ಕೈತೊಳೆಯಲು ಬಚ್ಚಲಿಗೆ ಹೋದಳು. ತಿರುಗಿ ಬರುವಾಗ ಬಾಗಿಲಲ್ಲೇ ಕಂಡಿತು. ಕಾಶವ್ವ ಬುಟ್ಟಿ ಹಿಡಿದು ಒಲೆಯಿಂದ ಕಪಾಟಿನತ್ತ ನಡೆದಿದ್ದಳು. ಎಡಗಾಲು ಮುಂದೆ ಬಂತು. ಬಲಗಾಲು ಏಳಲು ಹೋಗಿ ಹಿಂದಕ್ಕೆ ಎಳೆಯಿತು. ಬಿದ್ದಳು ಅನ್ನುವಷ್ಟರಲ್ಲಿ ಕಾಶವ್ವ ಮೈ ಬಾಗಿಸಿ ನಡೆಗಾಲಿಗೆ ಕೂರುವ ಸನ್ನೆ ಕೊಟ್ಟು, ಬುಟ್ಟಿಯನ್ನು ಎದೆಗವಚಿ, ಬೇಕಂತಲೇ ಕೂತವಳಂತೆ ನೆಲಕ್ಕೆ ಕೂತಳು. ಒಂದು ರೊಟ್ಟಿಯೂ ಮುರಿಯಲಿಲ್ಲ.

"ಬಿದ್ದೇನ?"

"ಇಲ್ಲ. ಕೂತೆ," ಅಂದಳು ಕಾಶವ್ವ. ಮುಖ ತಿರುಗಿಸಿದ್ದಳು. "ಬಿದ್ರ ಅದು ಬಿಗಕೋತೈತಿ, ಮಂಡಳಿ ಮಂದಿ ಬರ್ತಾರ. ಬೀಳೂಕಿಂತ ಮೊದ್ಲ ಕೂತಬಿಟ್ರ ಏನೂ ಇಲ್ಲ. ಕಲತೀನಿ."

"ದಿನಾ ಎಷ್ಟ ಸಲ?"

"ಹದಿನೈದು. ಒಮ್ಮೊಮ್ಮೆ ಇಪ್ಪತ್ತು."

"ಯಾವಾಗಿಂದ?"

"ಸಂಕ್ರಾಂತಿ ಆದಮ್ಯಾಲಿಂದ."

ಈಗ ಆಗಸ್ಟ್ ತಿಂಗಳು. ನೀಲಾಂಬಿಕಾ ಗೋಡೆಗೆ ಒರಗಿ ನಿಂತಳು. ಏಳು ತಿಂಗಳಿಂದ ಅವಳ ಅಕ್ಕ ಅವಳಿಗೆ ಗೊತ್ತಾಗದಂತೆ ದಿನಕ್ಕೆ ಹದಿನೈದು ಸಲ ಬೀಳುತ್ತಿದ್ದಳು. "ಯಾಕ ಹೇಳಲಿಲ್ಲ?" ಅಂತ ಕೇಳಿದಳು. ಕೇಳಬಾರದಿತ್ತು.

"ಹೇಳೀನಲ್ಲ," ಅಂದಳು ಕಾಶವ್ವ. "ನೀ ದಣದು ಬರ್ತಿ. ನೆಲ ಡೊಂಕು ಅಂತಿ."

ಸಂಕ್ರಾಂತಿ ಆದ ವಾರವೇ, ಹದಿನಾರರಲ್ಲಿ ಒಂದಾದ ಅಣ್ಣಿಗೇರಿ ಲೈನಿನ ಈ ತುದಿಗೆ, ಬಂದ ಬೆಳಕನ್ನು ಓದುವ ಹೊಸ ಕಾರ್ಡು ಹಾಕಿದ್ದರು. ಗದಗ ಪಟ್ಟಣದ ಅರ್ಧ, ಸುತ್ತಲಿನ ಹಳ್ಳಿ ಸೇರಿ ಇನ್ನೂರಾ ಹನ್ನೆರಡು ಜನರ ಕಾಲು ಅದೇ ಲೈನಿನಲ್ಲಿ ನಡೆಯುತ್ತಿತ್ತು, ಕಾಶವ್ವನದೂ.

ಮರುದಿನ ಪಾಳಿಯಲ್ಲಿ ಅವಳು ಪರದೆಯ ಸೊನ್ನೆ ನೋಡುವುದು ಬಿಟ್ಟು ಬೇರೆ ದಾಖಲೆ ತೆಗೆದಳು. ಯಾರು ಎಷ್ಟು ನಡೆದರು, ಎಷ್ಟು ನಿಂತರು, ಎಷ್ಟು ಕೂತರು ಅನ್ನುವುದೂ ಧಾರವಾಡದಲ್ಲಿ ಉಳಿಯುತ್ತದೆ. ಅದನ್ನು ಯಾರೂ ತೆಗೆದು ನೋಡುವುದಿಲ್ಲ. ಮನುಷ್ಯ ಕೂತದ್ದರಲ್ಲಿ ನೋಡುವುದೇನಿದೆ? ಬೇರೆ ಲೈನುಗಳ ಜನ ದಿನಕ್ಕೆ ಹತ್ತೋ ಹನ್ನೆರಡೋ ಸಲ ಕೂರುತ್ತಿದ್ದರು. ಅಣ್ಣಿಗೇರಿ ಲೈನಿನವರು ಜನವರಿಯವರೆಗೆ ಹಾಗೇ ಇದ್ದರು. ಫೆಬ್ರುವರಿಯಿಂದ ಮೂವತ್ತು, ಮೂವತ್ತೈದು. ಬಿದ್ದೆ ಅಂದರೆ ಕಾಲು ಹೋಗುತ್ತದೆಂದು ಹೆದರಿ, ಒಬ್ಬರಿಗೊಬ್ಬರು ಹೇಳಿಕೊಟ್ಟೋ ತಾವೇ ಕಲಿತೋ, ಇನ್ನೂರು ಜನ ಬೀಳುವುದನ್ನು ಕೂರುವುದಾಗಿ ಮಾಡಿಕೊಂಡಿದ್ದರು. ಕಲಿಯಲಾಗದವರು ಹನ್ನೊಂದು ಜನ. ಅವರ ಹೆಸರಿನ ಮುಂದೆ 'ಮೂರು ಬೀಳು, ಲೈನು ಶುದ್ಧ, ವಾಪಸು' ಅಂತಿತ್ತು. ಕೆಳಗೆ ಅವಳದೇ ಸಹಿ. ಹತ್ತು ಜನ ಮತ್ತೆ ಅರ್ಜಿ ಹಾಕಿ ಸರದಿಯಲ್ಲಿ ಕಾಯುತ್ತಿದ್ದರು. ಬೆಟಗೇರಿಯ ನೇಕಾರ ವಿರೂಪಾಕ್ಷಪ್ಪ ಅನ್ನುವವನ ಮುಂದೆ 'ಜೂನ್‌ನಲ್ಲಿ ಮರಣ' ಅಂತ ಬರೆದಿತ್ತು.

ಆಮೇಲೆ ಅವಳು ಹೊಸ ಕಾರ್ಡಿನ ಪುಸ್ತಕ ಬಿಡಿಸಿ ಕೂತಳು. ಹಳೆಯ ಕಾರ್ಡು ಪ್ರತಿ ಮಿಡಿತವನ್ನೂ ಅದರದೇ ಬೆಳಕು ನೋಡಿ ಓದುತ್ತಿತ್ತು. ಹೊಸದರ ಜಾಣತನ ಬೇರೆ ಥರದ್ದು. ಅದು ಎಂಟು ಸಾಲಾಗಿ ಓದುತ್ತಿತ್ತು. ಪ್ರತಿ ಸಾಲಿನಲ್ಲೂ ಹಿಂದಿನದಕ್ಕೆ ಹೋಲಿಸಿ ಮುಂದಿನದು ಒಂದೋ ಸೊನ್ನೆಯೋ ಅಂತ ತೀರ್ಮಾನಿಸುತ್ತಿತ್ತು. ಅಂದರೆ ಒಂದು ಮಿಡಿತ ಕೆಟ್ಟರೆ ಅದೂ ತಪ್ಪು, ಅದಕ್ಕೆ ಹೋಲಿಸಿದ ಮುಂದಿನದೂ ತಪ್ಪು. ಎರಡೂ ಒಂದೇ ಸಾಲಿನಲ್ಲಿ. ಒಂಟಿ ತಪ್ಪನ್ನು ಹಿಡಿಯಲು ಕೂತ ಕಾವಲುಗಾರನ ಮುಂದೆ ತಪ್ಪುಗಳು ಜೋಡಿಯಾಗಿಯೇ ಹೋಗುತ್ತಿದ್ದವು. ಅವನು ಎಣಿಸುತ್ತಿದ್ದ, ತಾಳೆಯಾಗುತ್ತಿತ್ತು, ಕೆಟ್ಟ ಮಾತು ನೇರ ಕಾಲಿಗೆ ಹೋಗುತ್ತಿತ್ತು.

ಹಾಗಾದರೆ ಕಾರ್ಡು ಹಾಕಿದ ದಿನದ ಪರೀಕ್ಷೆ? ಅದೂ ಅವಳದೇ ಕೆಲಸವಾಗಿತ್ತು. ಇಲಾಖೆಯಲ್ಲಿ ಅದಕ್ಕೆ ಚಿವುಟುವುದು ಅನ್ನುತ್ತಾರೆ. ಬೇಕಂತಲೇ ಒಂದು ತಪ್ಪನ್ನು ಲೈನಿಗೆ ಬಿಡಬೇಕು. ಚಿವುಟಿದ ಕೂಸಿನಂತೆ ಪರದೆ ಒಂದು ಸಲ ಕೂಗಬೇಕು. ಕೂಗಿದರೆ ಲೈನು ಒಳ್ಳೆಯದು. ನಿಯಮದ ಪ್ರಕಾರ ಲೈನಿನ ಆ ತುದಿಯಲ್ಲಿ ಯಂತ್ರದ ಪೆಟ್ಟಿಗೆಯಿರುವ ಗುಡಿಸಲಿಗೆ ಹೋಗಿ ಅಲ್ಲಿಂದ ಚಿವುಟಬೇಕು. ಜೀಪು ಬೇಕೆಂದರೆ ಮೂರು ದಿನ ಮುಂಚೆ ಅರ್ಜಿ, ಅದರಲ್ಲಿ ಡೀಸೆಲ್ ಇರುವುದಿಲ್ಲ, ಇದ್ದರೆ ಡ್ರೈವರ್ ಇರುವುದಿಲ್ಲ. ಹೀಗಾಗಿ ಎಲ್ಲರೂ ಕುರ್ಚಿಯಲ್ಲೇ ಕೂತು, ಕಾರ್ಡಿನ ಒಳಗಿನಿಂದಲೇ ಚಿವುಟುತ್ತಿದ್ದರು. ಒಳಗಿನಿಂದ ಬಿಟ್ಟ ತಪ್ಪು, ಕಾರ್ಡು ಬೆಳಕನ್ನು ಓದಿ ಮುಗಿಸಿದ ಮೇಲೆ ಬೀಳುತ್ತದೆ, ಹೋಲಿಕೆಗೆ ಸಿಗದೆ ಒಂಟಿಯಾಗಿಯೇ ಉಳಿಯುತ್ತದೆ. ಪರದೆ ಕೂಗಿತ್ತು. 'ಆ ತುದಿಯಿಂದ ಚಿವುಟಲಾಗಿದೆ' ಅನ್ನುವ ಸಾಲಿನ ಕೆಳಗೆ ಅವಳು ಸಹಿ ಹಾಕಿದ್ದಳು. ಇಪ್ಪತ್ತೆರಡು ವರ್ಷ ಹಾಗೇ ಹಾಕಿದ್ದಳು, ಅವಳಿಗೆ ಕಲಿಸಿದವರೂ ಹಾಗೇ ಹಾಕಿದ್ದರು.

ಎರಡು ಗಂಟೆಗೆ ಖಾಜೇಸಾಬ ಬಂದಾಗ, "ನಾ ಅಣ್ಣಿಗೇರಿಗೆ ಹೊಂಟೀನಿ. ಅಲ್ಲಿಂದ ಫೋನ್ ಮಾಡ್ತೀನಿ, ಪರದೆ ನೋಡಿ ಹೇಳು," ಅಂದಳು.

"ಜೀಪ್ ಸಿಕ್ಕಿತೇನ್ರಿ?"

"ಬಸ್ಸಿಗೆ ಹೊಕ್ಕೀನಿ."

ಖಾಜೇಸಾಬ ಮೂಗಿನ ಮೇಲೆ ಬೆರಳಿಟ್ಟ.

ಅಣ್ಣಿಗೇರಿ ಬಸ್‌ನಿಲ್ದಾಣದಿಂದ ಹೊಲದ ಅಂಚು ಹಿಡಿದು ಅರ್ಧ ತಾಸು ನಡೆದರೆ ಆ ಗುಡಿಸಲು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಬಂದಿದ್ದಳು. ಬೀಗ ತೆರೆಯಲು ಎಣ್ಣೆ ಬಿಡಬೇಕಾಯಿತು. ಒಳಗೆ ಫ್ಯಾನಿನ ಸದ್ದು, ಬಿಸಿ ಗಾಳಿ. ಪೆಟ್ಟಿಗೆಗೆ ಪರೀಕ್ಷೆಯ ತಂತಿ ಸಿಕ್ಕಿಸಿ, ಫೋನು ಕಿವಿಗಿಟ್ಟುಕೊಂಡು ಗುಂಡಿ ಒತ್ತಿದಳು.

"ಏನ ಬಂತು?"

"ಸೊನ್ನಿ, ಮೇಡಂ."

ಮತ್ತೆ ಒತ್ತಿದಳು. "ಈಗ?"

"ಸೊನ್ನಿ."

ಹತ್ತು ಸಲ ಒತ್ತಿದಳು. ಹತ್ತು ಸಲವೂ ಖಾಜೇಸಾಬ ಅದನ್ನೇ ಹೇಳಿದ. ಕೊನೆಗೆ, "ಮೇಡಂ, ಒತ್ತಾಕತ್ತೀರಿಲ್ಲೋ ನೀವು?" ಅಂತ ಸಣ್ಣ ದನಿಯಲ್ಲಿ ಕೇಳಿದ. ನೀಲಾಂಬಿಕಾ ಫೋನು ಕೆಳಗಿಟ್ಟು ನೆಲದ ಮೇಲೇ ಕೂತಳು. ಅಕ್ಕ ಹೇಳಿದ್ದು ನಿಜ ಅಂತ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ಒಂದು ಸೊನ್ನೆಯನ್ನು ನಂಬಿ ಒಡಹುಟ್ಟಿದವಳ ಮಾತು ನಂಬಲಿಲ್ಲವಲ್ಲ ಅಂತ ಅಳು ಬಂತು. ಅತ್ತಳು. ಆಮೇಲೆ ಮೂಗೊರೆಸಿಕೊಂಡು ಹುಬ್ಬಳ್ಳಿಯ ವಿಭಾಗದ ಸಾಹೇಬರಿಗೆ ಫೋನು ಮಾಡಿದಳು.

ಸಾಹೇಬರು ಕೆಟ್ಟವರಲ್ಲ. ಅವರಿಗೂ ದಣಿವಾಗಿತ್ತು. "ತಪ್ಪು ಸೊನ್ನೆ, ದೂರು ಸೊನ್ನೆ. ಹಿಂಗಿದ್ದಾಗ ಲೈನ್ ಮುಚ್ಚರಿ ಅಂತೀರಿ. ಇನ್ನೂರ ಮಂದಿ ಮೂಲ್ಯಾಗ ಕೂಡ್ತಾರ. ಹಳೇ ಕಾರ್ಡ್ ತರಸಾಕ ಹದಿನೆಂಟ ದಿನಾ ಬೇಕು. ಯಾವ ಆಧಾರದ ಮ್ಯಾಲೆ ಮುಚ್ಚಲಿ?"

"ನಾ ಇಲ್ಲಿಂದ ಚಿವುಟಿದ್ರೂ ಸೊನ್ನಿ ತೋರಿಸ್ತೈತ್ರಿ ಸರ್. ಅದ ಆಧಾರ."

"ಜನವರಿಯಾಗ ಅಲ್ಲಿಂದನ ಚಿವುಟೀನಿ, ಸರಿ ಐತಿ ಅಂತ ನೀವ ಸಹಿ ಮಾಡೀರಲ್ಲ?"

"ಸುಳ್ಳ ಸಹಿ ಸರ್. ಕುರ್ಚಿ ಬಿಟ್ಟು ಎದ್ದಿದ್ದಿಲ್ಲ ನಾ."

ಸಾಹೇಬರು ದನಿ ಇಳಿಸಿದರು. "ಅದನ್ನ ಬರದು ಕೊಡ್ತೀರೇನ್ರಿ? ಕೊಟ್ರ ಮದ್ಲ ನಿಮ್ಮನ್ನ ಮನಿಗೆ ಕಳಸ್ಬೇಕಾಕ್ಕೈತಿ. ನಿಮ್ಮ ಅಕ್ಕಾರೂ ಅದ ಲೈನಿನ್ಯಾಗ ಅದಾರಂತ ಕೇಳೀನಿ. ನಾಳೆ ತನಕ ವಿಚಾರ ಮಾಡ್ರಿ."

ನಾಳೆಯವರೆಗೆ ಆ ಇನ್ನೂರು ಜನ ಇನ್ನೆಷ್ಟು ಸಲ ಕೂರಬೇಕು? ಅವರಲ್ಲಿ ಯಾರೋ ಒಬ್ಬರು ಮೆಟ್ಟಿಲ ಮೇಲಿರುತ್ತಾರೆ, ಇನ್ನೊಬ್ಬರು ರಸ್ತೆ ದಾಟುತ್ತಿರುತ್ತಾರೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು. ನೀಲಾಂಬಿಕಾ ಅಲ್ಲೇ ಮೊಣಕಾಲ ಮೇಲೆ ಕಾಗದವಿಟ್ಟುಕೊಂಡು ಬರೆದಳು, ಫೋಟೋ ತೆಗೆದು ಕಳಿಸಿದಳು. ಸಂಜೆ ಐದಕ್ಕೆ ಅಣ್ಣಿಗೇರಿ ಲೈನಿನ ಎಲ್ಲ ನಡೆಗಾಲುಗಳೂ ಒಮ್ಮೆಲೇ, "ದಯವಿಟ್ಟು ಕೂತುಕೊಳ್ಳಿರಿ," ಅಂದವು. ಐದೂವರೆಗೆ ಲೈನು ಮುಚ್ಚಿದರು.

ಅವಳು ಮನೆ ಮುಟ್ಟಿದಾಗ ಕಾಶವ್ವ ಒಲೆಯ ಕಟ್ಟೆಗೆ ಬೆನ್ನು ಕೊಟ್ಟು ನೆಲದ ಮೇಲಿದ್ದಳು. ಕಾಲುಗಳು ಮುಂದಕ್ಕೆ ಚಾಚಿಕೊಂಡಿದ್ದವು. ನೀಲಾಂಬಿಕಾ ಪಕ್ಕದಲ್ಲಿ ಕೂತು, ಸೀರೆಯ ನೆರಿಗೆ ಸರಿಸಿ, ಚೌಕಟ್ಟಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದಳು. ತೊಡೆಯ ಪಕ್ಕದಲ್ಲಿ, ಸೊಂಟದ ಹಿಂದೆ ಎಲ್ಲ ಕಡೆ ಹಸಿರುಗಟ್ಟಿದ ಕಲೆಗಳಿದ್ದವು. ದಿನಕ್ಕೆ ಹದಿನೈದು ಸಲ ಕೂತವಳ ಕಲೆಗಳು.

"ತಪ್ಪು ನನ್ನದ, ಅಕ್ಕ," ಅಂದಳು. ನಡೆದದ್ದನ್ನೆಲ್ಲ ಹೇಳಿದಳು, ಸುಳ್ಳು ಸಹಿಯನ್ನೂ, ಕೆಲಸ ಹೋಗಬಹುದೆನ್ನುವುದನ್ನೂ, ಹನ್ನೊಂದು ಜನರನ್ನೂ.

ಕಾಶವ್ವ ಕೇಳಿಸಿಕೊಂಡಳು. ಕೋಪ ಬಂದಿತ್ತು, ಮುಖದಲ್ಲಿ ಕಾಣುತ್ತಿತ್ತು. ಅದನ್ನು ಅವಳು ಮುಚ್ಚಿಡಲಿಲ್ಲ. "ಏಳ ತಿಂಗಳ," ಅಂದಳು. "ನನಗ ಬುದ್ಧಿ ಕೆಟ್ಟೈತೇನೋ ಅಂತ ಮಾಡಿದ್ನಿ ನೀಲಾ. ನನ್ನ ಕಾಲ ನಾ ಹೇಳಿದ್ದ ಕೇಳವಲ್ದು ಅಂದ್ರ ನನ್ನ ತಲಿನ ಸರಿ ಇಲ್ಲ ಅಂತ." ಆಮೇಲೆ ತಂಗಿಯ ಕೈಯನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. ಬೆಳಿಗ್ಗೆಯಿಂದ ಏನು ತಿಂದೆ ಅಂತ ಕೇಳಿದಳು. ಏನೂ ತಿಂದಿಲ್ಲ ಅಂದಾಗ, "ಕೈಗೆ ಸಿಗೂ ಹಂಗ ರೊಟ್ಟಿ ಅದಾವ, ತಗೋ," ಅಂದಳು.

ಊಟವಾದ ಮೇಲೆ ಕಾಶವ್ವನೇ ಮಾತು ತೆಗೆದಳು. "ಆ ಹನ್ನೊಂದ ಮಂದಿಗೆ ಯಾರ ಹೇಳ್ತಾರ?"

"ಮಂಡಳಿಯವರು ಪತ್ರ ಬರೀತಾರ."

"ಪತ್ರ," ಅಂದಳು ಕಾಶವ್ವ. "ನೀ ಹೋಗು. ಸತ್ತಾನಲ್ಲ, ಅವನ ಮನಿಗೆ ಮೊದ್ಲ ಹೋಗು. ಬದುಕಿದವರು ಕಾಲ ಬರೂತನಕ ಕಾಯ್ತಾರ."

ಮರುದಿನ ಅವಳು ಹೋದ ಬೆಟಗೇರಿಯ ಓಣಿಯಲ್ಲಿ ಮಗ್ಗದ ಸದ್ದು ಇನ್ನೂ ಎರಡು ಮನೆಗಳಲ್ಲಿತ್ತು. ವಿರೂಪಾಕ್ಷಪ್ಪನ ಹೆಂಡತಿ ದೇವಕ್ಕ ಪಡಸಾಲೆಯಲ್ಲಿ ಕೂತು ಬೇರೆಯವರ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಸರಕಾರದ ಕಡೆಯಿಂದ ಬಂದವಳು ಅಂದೊಡನೆ ಎದ್ದು ಚಾಪೆ ಹಾಸಿದಳು. ನೀಲಾಂಬಿಕಾ ರಾತ್ರಿಯೆಲ್ಲ ಕಟ್ಟಿಟ್ಟುಕೊಂಡಿದ್ದ ಮಾತು ಬಾಗಿಲಲ್ಲೇ ಮರೆತಿತ್ತು. ಕಾರ್ಡು, ಲೈನು, ಜೋಡಿ ಅಂತ ಶುರು ಮಾಡಿ, ಅದು ಎತ್ತಲೂ ಹೋಗದೆ, ನಿಲ್ಲಿಸಿದಳು.

"ನಿಮ್ಮ ಯಜಮಾನರ ಕಾಲ ಕಸಗೊಂಡ್ರಲ್ಲ, ಅದು ತಪ್ಪಾತ್ರಿ," ಅಂದಳು. "ಅವರು ಸರಿಯಾಗೇ ನಡೀತಿದ್ರು. ಕೆಟ್ಟಿದ್ದು ನಮ್ಮ ಲೈನು. ಸರಿ ಐತಿ ಅಂತ ಸಹಿ ಮಾಡಿದಾಕಿ ನಾನು."

ದೇವಕ್ಕನ ಕೈ ರಾಟೆಯ ಮೇಲೆ ನಿಂತಿತು. ಬೈಯುತ್ತಾಳೆ, ಬೈಯಲಿ, ಅಂತ ನೀಲಾಂಬಿಕಾ ತಲೆ ತಗ್ಗಿಸಿ ಕಾದಳು. ಬೈಗುಳ ಬರಲಿಲ್ಲ.

"ಹಂಗಾರ ಅವ ಕುಡದಿದ್ದಿಲ್ಲ," ಅಂದಳು ದೇವಕ್ಕ.

ನೀಲಾಂಬಿಕಾಳಿಗೆ ತಿಳಿಯಲಿಲ್ಲ.

"ಮೊದ್ಲ ಕುಡೀತಿದ್ದ. ಬಿಟ್ಟಿದ್ದ. ಬಿಟ್ಟೀನಿ ದೇವಕ್ಕ, ಕಾಲ ತಪ್ಪಾಕತ್ತೈತಿ ಅಂತ ಆಣಿ ಮಾಡಿ ಹೇಳಿದ. ನಾ ನಂಬಲಿಲ್ಲ. ಮೂರನೇ ಸಲ ಅಂಗಳದಾಗ ಬಿದ್ದಾಗ, ಫೋನ್ ಮಾಡಬ್ಯಾಡ, ಹಂಗ ಎಳಕೊಂಡ ಹೋಗಿ ಮಲಗಿಸು ಅಂತ ಕೈ ಮುಗದ. ಬುದ್ಧಿ ಬರ್ಲಿ ಅಂತ ಮಂಡಳಿಗೆ ಫೋನ್ ಮಾಡಿದಾಕಿ ನಾನ ಅದೀನಿ."

ಪಕ್ಕದ ಮನೆಯ ಮಗ್ಗ ಬಡಿಯುತ್ತಲೇ ಇತ್ತು. ದೇವಕ್ಕ ಎದ್ದು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಅವಳ ಮುಂದಿಟ್ಟಳು, ತಾನೂ ಎದುರಿಗೆ ಕೂತಳು.

"ಅವ ಸರಿಯಾಗೇ ನಡೀತಿದ್ದ ಅಂದ್ಯಲ್ಲ," ಅಂದಳು. "ಅದನ್ನ ಇನ್ನೊಮ್ಮೆ ಹೇಳ ತಂಗಿ."

ನೀಲಾಂಬಿಕಾ ಇನ್ನೊಮ್ಮೆ ಹೇಳಿದಳು.